ಕಾಕ್‌ಪಿಟ್‌ಗೊಂದು ಆಂಡ್ರಾಯ್ಡ್ ಟ್ಯಾಬ್: ಆ್ಯಪ್ ಆರಿಸಿದ್ದು, ರಿಸೀವರ್ ಕಟ್ಟಿದ್ದು

ಅಮೆರಿಕದಲ್ಲಿ ಸಣ್ಣ ವಿಮಾನ ಹಾರಿಸುವವರನ್ನು ಯಾವ ನ್ಯಾವಿಗೇಶನ್ ಆ್ಯಪ್ ಒಳ್ಳೆಯದು ಎಂದು ಕೇಳಿದರೆ ಮೊದಲು ಬಾಯಿಗೆ ಬರುವ ಹೆಸರು ಫೋರ್‌ಫ್ಲೈಟ್. ಅದು ಐಪ್ಯಾಡ್ ಮತ್ತು ಐಫೋನ್‌ಗಳಲ್ಲಿ ಮಾತ್ರ ಓಡುತ್ತದೆ. ನನ್ನ ಬಳಿ ಇರುವುದು ಸ್ಯಾಮ್‌ಸಂಗ್‌ನ ಗ್ಯಾಲಕ್ಸಿ ಟ್ಯಾಬ್ ಆ್ಯಕ್ಟಿವ್ 3. ಇದನ್ನು ಕೊಟ್ಟು ಐಪ್ಯಾಡ್ ತಗೋ ಎಂದು ಹೇಳಿದವರು ಬಹಳ ಮಂದಿ. ನಾನು ಒಪ್ಪಲಿಲ್ಲ, ಅದಕ್ಕೆ ಕಾರಣಗಳೂ ಇವೆ. ಎಂಟು ಇಂಚಿನ ಪರದೆ ತೊಡೆಯ ಮೇಲೆ ಸರಿಯಾಗಿ ಕೂರುತ್ತದೆ. ಬ್ಯಾಟರಿಯನ್ನು ಕೈಯಿಂದಲೇ ಬಿಚ್ಚಿ ಬೇರೆಯದನ್ನು ಹಾಕಬಹುದು. ಬ್ಯಾಟರಿಯೇ ಇಲ್ಲದೆ ಬರೀ ಕೇಬಲ್‌ನ ವಿದ್ಯುತ್ತಿನಲ್ಲೂ ಅದು ನಡೆಯುತ್ತದೆ. ಮೈಕ್ರೊ ಎಸ್‌ಡಿ ಕಾರ್ಡಿಗೆ ಜಾಗವಿದೆ. ಜಿಪಿಎಸ್ ಚಿಪ್ ಒಳಗೇ ಇದೆ. ವೈ-ಫೈ ಮಾತ್ರ ಇರುವ ಐಪ್ಯಾಡ್‌ಗಳಲ್ಲಿ ಅದು ಇರುವುದಿಲ್ಲ.

ನಾನು ಹಾರುವುದು ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಪೂರ್ವಕ್ಕಿರುವ ಲಿವರ್‌ಮೋರ್‌ನಿಂದ, ಬಾಡಿಗೆಯ ಸೆಸ್ನಾ 172ರಲ್ಲಿ. ಹಗಲು ಹೊತ್ತಿನಲ್ಲಿ, ವಿಎಫ್‌ಆರ್ ನಿಯಮದಡಿ, ಅಂದರೆ ಹೊರಗಿನದು ಕಣ್ಣಿಗೆ ಚೆನ್ನಾಗಿ ಕಾಣುವಾಗ ಮಾತ್ರ. ಇಂಥ ಖಾಸಗಿ ಹಾರಾಟದಲ್ಲಿ ಟ್ಯಾಬ್ ಬಳಸಲು ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆಯಾದ ಎಫ್‌ಎಎಯ ಪ್ರತ್ಯೇಕ ಅನುಮತಿ ಬೇಕಿಲ್ಲ. ಆದರೆ ಹೊರಡುವ ಮುಂಚೆ ಆ ಹಾರಾಟಕ್ಕೆ ಸಂಬಂಧಪಟ್ಟ, ಸಿಗುವ ಎಲ್ಲ ಮಾಹಿತಿಯನ್ನೂ ಪೈಲಟ್ ತಿಳಿದುಕೊಂಡಿರಬೇಕು ಎನ್ನುತ್ತದೆ 91.103ನೇ ನಿಯಮ. ಆ್ಯಪ್ ಹಳೆಯ ಚಾರ್ಟ್ ತೋರಿಸಿತು ಎಂಬ ಸಬೂಬು ನಡೆಯುವುದಿಲ್ಲ. ಹಾಗಾಗಿ ಯಾವ ಆ್ಯಪ್‌ನಲ್ಲಿ ಏನೇನು ಸೌಲಭ್ಯ ಇದೆ ಎಂಬ ಪಟ್ಟಿಯನ್ನು ನಾನು ಬದಿಗಿಟ್ಟೆ. ಇಂಟರ್ನೆಟ್ ಹೋದಾಗ, ರಿಸೀವರ್ ಕೈಕೊಟ್ಟಾಗ, ಬಿಸಿಲು ಬಿದ್ದು ಟ್ಯಾಬ್ ಕಾದಾಗ ಅದು ಹೇಗೆ ನಡೆದುಕೊಳ್ಳುತ್ತದೆ ಎಂಬುದನ್ನು ಮೊದಲು ನೋಡುವುದೆಂದು ನಿಶ್ಚಯಿಸಿದೆ.

ಕಣದಲ್ಲಿದ್ದವರು

ಆಂಡ್ರಾಯ್ಡ್‌ನಲ್ಲಿ ಆಯ್ಕೆ ಇಲ್ಲವೆಂದೇನಲ್ಲ. ಗಾರ್ಮಿನ್ ಪೈಲಟ್ ಇದೆ, ವರ್ಷದ ಚಂದಾ ಕಟ್ಟಬೇಕು. ವಿಮಾನದ ಪ್ಯಾನೆಲ್‌ನಲ್ಲೇ ಅದೇ ಕಂಪನಿಯ ಸಲಕರಣೆ ಇದ್ದವರಿಗೆ ಅದು ಸಹಜವಾದ ಆಯ್ಕೆ. ಫ್ಲೈಟ್‌ಪ್ಲಾನ್ ಗೋ ಉಚಿತ. ಅದನ್ನು ಹೊರತರುತ್ತಿದ್ದ ಸಂಸ್ಥೆಯನ್ನು ಗಾರ್ಮಿನ್ 2018ರಲ್ಲಿ ಕೊಂಡುಕೊಂಡಿತು. ಐಫ್ಲೈ ಇಎಫ್‌ಬಿ ಚಂದಾದಾರಿಕೆಯದು, ಆಂಡ್ರಾಯ್ಡ್, ಆ್ಯಪಲ್, ವಿಂಡೋಸ್ ಮೂರರಲ್ಲೂ ಓಡುತ್ತದೆ. ಕೊನೆಯದು ಅವಾರೆ: ಸ್ವಯಂಸೇವಕರು ಬರೆದು ಕಾಪಾಡಿಕೊಂಡು ಬಂದಿರುವ ಮುಕ್ತ ತಂತ್ರಾಂಶ, ಪೂರ್ತಿ ಉಚಿತ, ಜಾಹೀರಾತಿನ ಕಾಟವಿಲ್ಲ. ಯುರೋಪಿನಲ್ಲಿ ಹಾರುವವರ ಕಥೆಯೇ ಬೇರೆ. ಅಲ್ಲಿ ಸ್ಕೈಡೀಮನ್ ಇದೆ. ಜರ್ಮನಿಯ ಫ್ರೈಬುರ್ಗ್‌ನ ವಿದ್ಯಾರ್ಥಿ ಹಾರಾಟ ಸಂಘದಿಂದ ಬಂದ ಎನ್‌ರೂಟ್ ಎಂಬ ಉಚಿತ ಆ್ಯಪ್ ಇದೆ. ಗ್ಲೈಡರ್‌ನವರಿಗೆ ಎಕ್ಸ್‌ಸಿಸೋರ್ ಇದೆ.

ಅವಾರೆಯಂಥದ್ದು ಉಚಿತವಾಗಿ ಇರಲು ಸಾಧ್ಯವಾಗಿರುವುದಕ್ಕೆ ಒಂದು ಕಾರಣವಿದೆ, ಅದನ್ನು ಮನಸಾರೆ ಮೆಚ್ಚಬೇಕು. ಎಫ್‌ಎಎ ತನ್ನ ಚಾರ್ಟ್‌ಗಳನ್ನೆಲ್ಲ ಡಿಜಿಟಲ್ ರೂಪದಲ್ಲಿ ಯಾರು ಬೇಕಾದರೂ ಇಳಿಸಿಕೊಳ್ಳುವಂತೆ ಬಿಟ್ಟಿದೆ. ಹೊರಗೆ ಕಾಣದಾಗ ಉಪಕರಣಗಳನ್ನು ನೋಡಿಕೊಂಡು ಇಳಿಯಲು ಬಳಸುವ ಚಾರ್ಟ್‌ಗಳು 28 ದಿನಕ್ಕೊಮ್ಮೆಯ ಚಕ್ರದಲ್ಲಿ ನಡೆಯುತ್ತವೆ. ನನ್ನಂಥವರು ನೆಲದ ಗುರುತು ನೋಡಿಕೊಂಡು ಹಾರಲು ಬಳಸುವ ಸೆಕ್ಷನಲ್ ಚಾರ್ಟ್ 2021ರಿಂದ 56 ದಿನಕ್ಕೊಮ್ಮೆ ಹೊಸದಾಗುತ್ತದೆ. ಸಾರ್ವಜನಿಕರ ದುಡ್ಡಿನಲ್ಲಿ ತಯಾರಾದ ಮಾಹಿತಿ ಸಾರ್ವಜನಿಕರಿಗೇ ಸಿಕ್ಕರೆ ನಾಲ್ಕು ಜನ ಸೇರಿ ಇಂಥ ಕೆಲಸ ಮಾಡಬಹುದು.

ಚಾರ್ಟ್ ತೋರಿಸುವ ರೀತಿಯಲ್ಲಿ ಎರಡು ಬಗೆ. ಅವಾರೆ ಮುಖ್ಯವಾಗಿ ತೋರಿಸುವುದು ಕಾಗದದ ಸೆಕ್ಷನಲ್‌ನ ಚಿತ್ರವನ್ನೇ. ಪರೀಕ್ಷೆಗೆ ಓದಿದ ಬಣ್ಣ, ಗುರುತು ಎಲ್ಲ ಹಾಗೇ ಇರುತ್ತವೆ, ಕಣ್ಣು ತಡವರಿಸುವುದಿಲ್ಲ. ಆದರೆ ವಿಮಾನ ಹೋಗುವ ದಿಕ್ಕು ಮೇಲೆ ಬರುವಂತೆ ನಕ್ಷೆಯನ್ನು ತಿರುಗಿಸಿದರೆ ಅಕ್ಷರಗಳೂ ತಲೆಕೆಳಗಾಗುತ್ತವೆ. ಐಫ್ಲೈಯಲ್ಲಿ ಚಿತ್ರದ ಜೊತೆ ವೆಕ್ಟರ್ ನಕ್ಷೆಯೂ ಇದೆ. ಹಿಗ್ಗಿಸಿದಂತೆಲ್ಲ ವಿವರ ತೆರೆದುಕೊಳ್ಳುತ್ತದೆ, ಹೆಸರುಗಳು ನೆಟ್ಟಗೇ ನಿಲ್ಲುತ್ತವೆ. ಆದರೆ ಯಾವ ವಿವರವನ್ನು ಎಷ್ಟು ಹಿಗ್ಗಿಸಿದಾಗ ತೋರಿಸಬೇಕು ಎಂದು ನಿರ್ಧರಿಸುವವರು ಪ್ರೋಗ್ರಾಂ ಬರೆದವರು. ಪವರ್‌ಲೈನ್, ಪುಟ್ಟ ಟವರ್ ಇಂಥವು ದೂರದ ನೋಟದಲ್ಲಿ ಮಾಯವಾಗಿರುತ್ತವೆ. ಹೊಸ ಜಾಗಕ್ಕೆ ಹೋಗುವಾಗ ನನಗೆ ಈಗಲೂ ಸೆಕ್ಷನಲ್ ಚಿತ್ರವೇ ಹೆಚ್ಚು ನಂಬಿಕೆಯದು.

ಮನೆಯ ಮೇಜಿನ ಮೇಲೆ

ಮೊದಲ ಸುತ್ತಿಗೆ ವಿಮಾನ ಬೇಕಿರಲಿಲ್ಲ. ಕ್ಯಾಲಿಫೋರ್ನಿಯಾದ ಚಾರ್ಟ್‌ಗಳನ್ನು ನಾಲ್ಕೂ ಆ್ಯಪ್‌ಗಳಿಗೆ ಇಳಿಸಿಕೊಂಡು ಟ್ಯಾಬನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ ಪೂರ್ತಿ ಆರಿಸಿ ಮತ್ತೆ ಹೊತ್ತಿಸಿದೆ. ಇದು ಮುಖ್ಯ. ಬರೀ ವೈ-ಫೈ ತೆಗೆದರೆ, ಹಿಂದೆ ನೋಡಿದ ನಕ್ಷೆಯ ತುಣುಕುಗಳು ಮೆಮೊರಿಯಲ್ಲಿ ಉಳಿದಿದ್ದು ಎಲ್ಲ ಸರಿಯಿದ್ದಂತೆ ತೋರುತ್ತದೆ. ಟ್ಯಾಬ್ ಆರಿಸಿ ಹೊತ್ತಿಸಿದ ಮೇಲೆ ಒಂದು ಆ್ಯಪ್ ಲಾಗಿನ್ ಕೇಳಿಕೊಂಡು ನಿಂತುಬಿಟ್ಟಿತು. ಆಕಾಶದಲ್ಲಿ ಹೀಗಾದರೆ ಏನು ಗತಿ? ಅದನ್ನು ಅಲ್ಲಿಗೇ ಪಟ್ಟಿಯಿಂದ ತೆಗೆದೆ.

ಎರಡನೆಯ ಪರೀಕ್ಷೆ ಬೆರಳಿನದು. ಎಡಗೈ ಕಂಟ್ರೋಲ್ ಮೇಲೆ ಇದೆ ಎಂದುಕೊಂಡು, ಬಲಗೈಯ ಒಂದೇ ಬೆರಳಿನಲ್ಲಿ ಹತ್ತಿರದ ರನ್‌ವೇ ಯಾವುದು, ಯಾವ ದಿಕ್ಕಿನಲ್ಲಿ, ಎಷ್ಟು ದೂರ, ಅದರ ರೇಡಿಯೊ ಫ್ರೀಕ್ವೆನ್ಸಿ ಎಷ್ಟು ಎಂಬುದನ್ನು ಹುಡುಕಬೇಕು. ಎಂಜಿನ್ ನಿಂತರೆ ಬೇಕಾಗುವುದು ಇದೇ. ಅವಾರೆಯಲ್ಲಿ ಹತ್ತಿರದ ವಿಮಾನ ನಿಲ್ದಾಣಗಳಿಗೆಂದೇ ಪ್ರತ್ಯೇಕ ಪುಟ ಇದೆ, ಒಂದು ಒತ್ತು ಸಾಕು. ಅದರ ಒಟ್ಟು ರೂಪ ಹಳೆಯ ಕಾಲದ್ದು, ಗುಂಡಿಗಳಿಗೆ ಅಂದವಿಲ್ಲ, ಆದರೆ ದೊಡ್ಡದಾಗಿವೆ. ವಿಮಾನ ಗಾಳಿಗೆ ಕುಲುಕುವಾಗ ದೊಡ್ಡ ಗುಂಡಿಯ ಬೆಲೆ ಗೊತ್ತಾಗುತ್ತದೆ.

ಆಂಡ್ರಾಯ್ಡ್ ತಾನೇ ಒಡ್ಡುವ ತೊಡಕುಗಳೂ ಇವೆ. ಬ್ಯಾಟರಿ ಉಳಿಸಲು ಅದು ಹಿಂದೆ ಓಡುವ ಆ್ಯಪ್‌ಗಳನ್ನು ಕೊಲ್ಲುತ್ತದೆ. ಪರದೆ ಆರಿದೊಡನೆ ಜಿಪಿಎಸ್ ಟ್ರ್ಯಾಕ್ ತುಂಡಾಗುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಆ ಆ್ಯಪ್‌ನ ಬ್ಯಾಟರಿ ಬಳಕೆಯನ್ನು ನಿರ್ಬಂಧವಿಲ್ಲದ್ದು ಎಂದು ಮಾಡಬೇಕು. ಪ್ಲೇ ಸ್ಟೋರ್‌ನ ತಾನೇತಾನಾಗಿ ಆಗುವ ಅಪ್‌ಡೇಟ್ ನಿಲ್ಲಿಸಬೇಕು. ಹೊಸ ಆವೃತ್ತಿಯನ್ನು ಮೊದಲು ನೆಲದ ಮೇಲೆ ನೋಡಿ ಆಮೇಲೆ ಮೇಲಕ್ಕೆ ಒಯ್ಯುವುದು ಒಳ್ಳೆಯದು. ಪರದೆ ತಿರುಗುವುದನ್ನು ಲಾಕ್ ಮಾಡಬೇಕು, ಇಲ್ಲದಿದ್ದರೆ ಕುಲುಕಾಟದಲ್ಲಿ ಟ್ಯಾಬ್ ವಾಲಿದಾಗ ನಕ್ಷೆ ಅಡ್ಡಡ್ಡ ಹೊರಳಬಹುದು.

ಸ್ಟ್ರಾಟಕ್ಸ್ ಕಟ್ಟಿದ್ದು

ಆಕಾಶದಲ್ಲಿ ಮೊಬೈಲ್ ಸಿಗ್ನಲ್ ನಂಬುವಂತಿಲ್ಲ. ಹವಾಮಾನ ಮತ್ತು ಸುತ್ತಲಿನ ವಿಮಾನಗಳ ಸುಳಿವು ಬೇಕೆಂದರೆ ಎಡಿಎಸ್-ಬಿ ರಿಸೀವರ್ ಬೇಕು. ವಿಮಾನಗಳು ತಮ್ಮ ಸ್ಥಾನವನ್ನು ರೇಡಿಯೊದಲ್ಲಿ ತಾವೇ ಬಿತ್ತರಿಸುವ ವ್ಯವಸ್ಥೆಯ ಹೆಸರು ಎಡಿಎಸ್-ಬಿ. ಅಂಗಡಿಯಲ್ಲಿ ಸಿಗುವವು ದುಬಾರಿ. ಹಾಗಾಗಿ ಸ್ಟ್ರಾಟಕ್ಸ್ ಎಂಬ ಮುಕ್ತ ಯೋಜನೆಯನ್ನು ಅನುಸರಿಸಿ ನಾನೇ ಕಟ್ಟಿದೆ: ಒಂದು ರಾಸ್ಪ್‌ಬೆರಿ ಪೈ 3ಬಿ ಎಂಬ ಪುಟ್ಟ ಕಂಪ್ಯೂಟರ್, ರೇಡಿಯೊ ಸಂಕೇತ ಹಿಡಿಯುವ ಎರಡು ಆರ್‌ಟಿಎಲ್-ಎಸ್‌ಡಿಆರ್ ಯುಎಸ್‌ಬಿ ಡಾಂಗಲ್, ಎರಡು ಪುಟ್ಟ ಆಂಟೆನಾ, ಯುಎಸ್‌ಬಿ ಜಿಪಿಎಸ್, ವಾಯುಭಾರ ಮತ್ತು ಓರೆ ಅಳೆಯುವ ಸೆನ್ಸರ್ ಇರುವ ಬೋರ್ಡ್, ಒಂದು ಫ್ಯಾನ್, ಪ್ಲಾಸ್ಟಿಕ್ ಡಬ್ಬಿ.

ಎರಡು ಡಾಂಗಲ್ ಯಾಕೆಂದರೆ ಎರಡು ತರಂಗಾಂತರಗಳಿವೆ. ದೊಡ್ಡ ವಿಮಾನಗಳು ತಮ್ಮ ಸ್ಥಾನವನ್ನು ಬಿತ್ತರಿಸುವುದು 1090 ಮೆಗಾಹರ್ಟ್ಸ್‌ನಲ್ಲಿ. ಇದು ಜಗತ್ತಿನಲ್ಲೆಲ್ಲ ಒಂದೇ. 18,000 ಅಡಿಗಿಂತ ಕೆಳಗೇ ಹಾರುವ ಸಣ್ಣ ವಿಮಾನಗಳು ಅಮೆರಿಕದಲ್ಲಿ 978 ಮೆಗಾಹರ್ಟ್ಸ್ ಬಳಸಬಹುದು, ಮತ್ತು ನೆಲದ ಟವರ್‌ಗಳಿಂದ ಹವಾಮಾನ ಮಾಹಿತಿ ಉಚಿತವಾಗಿ ಬರುವುದೂ ಅದರಲ್ಲೇ. ತಂತ್ರಾಂಶದ ಚಿತ್ರಿಕೆಯನ್ನು ಎಸ್‌ಡಿ ಕಾರ್ಡಿಗೆ ಬರೆದು ಚಾಲೂ ಮಾಡುವುದು ಸುಲಭ. ಡಾಂಗಲ್‌ಗಳ ವಿಷಯದಲ್ಲಿ ಮಾತ್ರ ಸ್ವಲ್ಪ ನಿಧಾನಿಸಬೇಕು. ನೋಡಲು ಎರಡೂ ಒಂದೇ ಥರ. ಯಾವುದು 978ರದು, ಯಾವುದು 1090ರದು ಎಂದು ಪೈಗೆ ತಿಳಿಯಬೇಕಾದರೆ ಪ್ರತಿಯೊಂದರ ಸೀರಿಯಲ್ ಸಂಖ್ಯೆಯ ಜಾಗದಲ್ಲಿ ಆ ತರಂಗಾಂತರವನ್ನು ಬರೆದಿಡಬೇಕು. ಬರೆಯದಿದ್ದರೆ 978ಕ್ಕೆ ಹೊಂದಿಸಿದ ಆಂಟೆನಾ 1090ರ ಪಾಲಾಗಬಹುದು. ಆಗಲೂ ಅಲ್ಪಸ್ವಲ್ಪ ಸಂದೇಶ ಬರುತ್ತಲೇ ಇರುವುದರಿಂದ ದೋಷ ಕಣ್ಣಿಗೆ ಬೀಳುವುದೇ ಇಲ್ಲ. ನಾನು ಡಾಂಗಲ್‌ಗೂ ಆಂಟೆನಾಗೂ ಒಂದೇ ಬಣ್ಣದ ಟೇಪ್ ಸುತ್ತಿದೆ.

ವಿದ್ಯುತ್ತಿನ ಬಗ್ಗೆ ಒಂದು ಮಾತು. ಪೈ 3ಬಿಗೆ 5 ವೋಲ್ಟ್, 2.5 ಆ್ಯಂಪಿಯರ್ ಬೇಕು. ಪವರ್ ಬ್ಯಾಂಕ್ ಅಷ್ಟು ಕೊಟ್ಟರೂ ತೆಳು ಕೇಬಲ್‌ನಲ್ಲಿ ವೋಲ್ಟೇಜ್ ಕುಸಿಯುತ್ತದೆ, ಡಾಂಗಲ್‌ಗಳು ಜೋರಾಗಿ ಕೆಲಸ ಶುರುಮಾಡಿದ ಕೂಡಲೇ ಪೈ ರೀಸ್ಟಾರ್ಟ್ ಆಗುತ್ತದೆ. ಗಿಡ್ಡನೆಯ, ದಪ್ಪ ತಂತಿಯ ಕೇಬಲ್ ಹಾಕಿದರೆ ಆ ಕಾಟ ಇಲ್ಲ.

ಈ ಡಬ್ಬಿ ತನ್ನದೇ ವೈ-ಫೈ ಹೊರಡಿಸುತ್ತದೆ. ಟ್ಯಾಬ್ ಅದಕ್ಕೆ ಸೇರಿಕೊಂಡು 192.168.10.1 ತೆರೆದರೆ ಸ್ಥಿತಿಗತಿ ಕಾಣುತ್ತದೆ. ಆಂಡ್ರಾಯ್ಡ್‌ಗೆ ಮಾತ್ರ ಈ ವೈ-ಫೈ ಹಿಡಿಸುವುದಿಲ್ಲ, ಯಾಕೆಂದರೆ ಅದರಲ್ಲಿ ಇಂಟರ್ನೆಟ್ ಇಲ್ಲ. ಇಂಟರ್ನೆಟ್ ಇಲ್ಲದ ನೆಟ್‌ವರ್ಕ್‌ನಲ್ಲಿ ಮುಂದುವರಿಯಬೇಕೇ ಎಂದು ಕೇಳುತ್ತದೆ. ಹೌದು ಎಂದು ಒತ್ತಿ, ಮತ್ತೆ ಕೇಳಬೇಡ ಎಂಬುದನ್ನೂ ಗುರುತು ಹಾಕಬೇಕು. ಇಲ್ಲವಾದರೆ ಅದು ಸದ್ದಿಲ್ಲದೆ ಮೊಬೈಲ್ ಡೇಟಾಗೆ ಜಿಗಿಯುತ್ತದೆ, ಪರದೆಯ ಮೇಲಿನ ವಿಮಾನಗಳು ಒಂದೊಂದಾಗಿ ಅಳಿಸಿಹೋಗುತ್ತವೆ. ಸಿಮ್ ಇರುವ ಟ್ಯಾಬ್‌ನಲ್ಲಿ ಹಾರುವಾಗ ಏರೋಪ್ಲೇನ್ ಮೋಡ್ ಹಾಕಿ, ವೈ-ಫೈ ಮತ್ತು ಲೊಕೇಶನ್ ಮಾತ್ರ ಮತ್ತೆ ಚಾಲೂ ಮಾಡುವುದೇ ಭದ್ರವಾದ ದಾರಿ. ಟ್ಯಾಬ್‌ಗೆ ಸ್ಥಿರ ಐಪಿ ಕೊಡುವ ಅಭ್ಯಾಸ ಇದ್ದವರು ಅದನ್ನು ಸ್ಟ್ರಾಟಕ್ಸ್‌ನ ಸೆಟ್ಟಿಂಗ್ಸ್‌ನಲ್ಲೂ ಬರೆಯಬೇಕು, ತಾನು ವಿಳಾಸ ಹಂಚಿದ ಸಾಧನಗಳಿಗೆ ಮಾತ್ರ ಅದು ಮಾಹಿತಿ ಕಳಿಸುತ್ತದೆ.

ನೂರು ಅಡಿ ಎಲ್ಲಿ ಹೋಯಿತು

ಈ ಕೆಲಸದಲ್ಲಿ ನನಗೆ ಅತಿ ಹೆಚ್ಚು ಕಲಿಸಿದ್ದು ಎತ್ತರದ ಅಂಕಿ. ಲಿವರ್‌ಮೋರ್ ವಿಮಾನ ನಿಲ್ದಾಣ ಸಮುದ್ರಮಟ್ಟದಿಂದ 400 ಅಡಿ ಎತ್ತರದಲ್ಲಿದೆ. ನಿಂತ ವಿಮಾನದಲ್ಲಿ ಕೂತು ನೋಡಿದರೆ ಒಂದು ಆ್ಯಪ್ 400ರ ಆಸುಪಾಸು ತೋರಿಸುತ್ತಿತ್ತು, ಇನ್ನೊಂದು 300ರ ಆಸುಪಾಸು. ಎರಡಕ್ಕೂ ಅದೇ ಟ್ಯಾಬಿನ ಅದೇ ಜಿಪಿಎಸ್.

ಎರಡನೆಯದು ಕೆಟ್ಟಿತ್ತು ಎಂದಲ್ಲ. ಜಿಪಿಎಸ್ ಎತ್ತರವನ್ನು ಅಳೆಯುವುದು ಡಬ್ಲ್ಯುಜಿಎಸ್ 84 ಎಂಬ ನಯವಾದ ದೀರ್ಘವೃತ್ತದ ಭೂಮಿಯಿಂದ. ನಿಜವಾದ ಸಮುದ್ರಮಟ್ಟ ಹಾಗೆ ನಯವಾಗಿಲ್ಲ. ಭೂಮಿಯ ಒಳಗಿನ ದ್ರವ್ಯರಾಶಿಯ ಹಂಚಿಕೆಗೆ ತಕ್ಕಂತೆ ಗುರುತ್ವ ಹೆಚ್ಚುಕಡಿಮೆಯಾಗಿ ಅದು ಎಲ್ಲೋ ಉಬ್ಬಿರುತ್ತದೆ, ಎಲ್ಲೋ ತಗ್ಗಿರುತ್ತದೆ. ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಸುತ್ತ ಅದು ಸುಮಾರು 32 ಮೀಟರ್ ತಗ್ಗು, ಅಂದರೆ 100 ಅಡಿ ಚಿಲ್ಲರೆ. ಆಂಡ್ರಾಯ್ಡ್ ಮೊದಲಿನಿಂದಲೂ ಆ್ಯಪ್‌ಗಳಿಗೆ ಕೊಡುತ್ತ ಬಂದಿರುವುದು ದೀರ್ಘವೃತ್ತದಿಂದ ಅಳೆದ ಎತ್ತರ. ಸಮುದ್ರಮಟ್ಟದ ಎತ್ತರವನ್ನು ನೇರವಾಗಿ ಕೊಡುವ ಸೌಲಭ್ಯ ಬಂದದ್ದು ಆಂಡ್ರಾಯ್ಡ್ 14ರಲ್ಲಿ. ಈ ವ್ಯತ್ಯಾಸವನ್ನು ಆ್ಯಪ್ ತಾನೇ ಲೆಕ್ಕಹಾಕಿ ಸರಿಪಡಿಸಬೇಕು. ಒಂದು ಸರಿಪಡಿಸಿತ್ತು, ಇನ್ನೊಂದು ಸರಿಪಡಿಸಿರಲಿಲ್ಲ. ಜಿಪಿಎಸ್‌ಟೆಸ್ಟ್ ಎಂಬ ಉಚಿತ ಆ್ಯಪ್ ಎರಡೂ ಎತ್ತರಗಳನ್ನು ಅಕ್ಕಪಕ್ಕ ತೋರಿಸುತ್ತದೆ, ಅನುಮಾನ ಅಲ್ಲೇ ಪರಿಹಾರವಾಯಿತು.

ರಿಸೀವರ್‌ನಿಂದ ಆ್ಯಪ್‌ಗೆ ಮಾಹಿತಿ ಹೋಗುವುದು ಜಿಡಿಎಲ್ 90 ಎಂಬ ವಿನ್ಯಾಸದಲ್ಲಿ. ಅಲ್ಲೂ ಇದೇ ಗೋಜಲಿದೆ. ಜಿಪಿಎಸ್ ಎತ್ತರ ದೀರ್ಘವೃತ್ತದಿಂದ ಅಳೆದದ್ದಾಗಿರಬೇಕು ಎಂದು ಮೂಲ ವಿವರಣೆ ಹೇಳುತ್ತದೆ, ಕೆಲವು ರಿಸೀವರ್‌ಗಳು ಸಮುದ್ರಮಟ್ಟದ ಎತ್ತರವನ್ನೇ ಕಳಿಸುತ್ತವೆ. ಯಾವ ರಿಸೀವರ್ ಜೊತೆ ಯಾವ ಆ್ಯಪ್ ಸರಿಹೋಗುತ್ತದೆ ಎಂಬುದನ್ನು ಎತ್ತರ ಗೊತ್ತಿರುವ ನೆಲದ ಮೇಲೆ ನಿಂತು ನೋಡಿಯೇ ತಿಳಿಯಬೇಕು.

ಬೆಂಗಳೂರಿನಲ್ಲಿ ಈ ಪರೀಕ್ಷೆ ಮಾಡುವವರಿಗೆ ಇನ್ನೂ ದೊಡ್ಡ ಅಂತರ ಕಾಣುತ್ತದೆ. ದಕ್ಷಿಣ ಭಾರತದ ಕೆಳಗೆ ಹಿಂದೂ ಮಹಾಸಾಗರದಲ್ಲಿ ಈ ತಗ್ಗು 100 ಮೀಟರ್ ದಾಟುತ್ತದೆ, ಇಡೀ ಭೂಮಿಯಲ್ಲೇ ಅತಿ ಆಳದ್ದು ಅದು. ಬೆಂಗಳೂರಿನಲ್ಲಿ ಸುಮಾರು 85 ಮೀಟರ್, ಅಂದರೆ 280 ಅಡಿಯಷ್ಟು. ಸರಿಪಡಿಸದ ಆ್ಯಪ್ ಇಟ್ಟುಕೊಂಡು ಜಕ್ಕೂರಿನ ರನ್‌ವೇ ಪಕ್ಕ ನಿಂತರೆ ನೆಲದೊಳಗೆ ಇದ್ದೇವೆ ಎನ್ನುತ್ತದೆ.

ಆ್ಯಪ್ ಸರಿಪಡಿಸಿಕೊಂಡಿದ್ದರೂ ಹಾರುವಾಗ ಅದರ ಎತ್ತರ ವಿಮಾನದ ಆಲ್ಟಿಮೀಟರ್ ಜೊತೆ ಹೊಂದುವುದಿಲ್ಲ, ಹೊಂದಬೇಕಾಗಿಯೂ ಇಲ್ಲ. ಆಲ್ಟಿಮೀಟರ್ ಅಳೆಯುವುದು ಗಾಳಿಯ ಒತ್ತಡವನ್ನು. ಸೆಖೆಯ ದಿನ ಗಾಳಿ ಹಿಗ್ಗುವುದರಿಂದ, ಆಲ್ಟಿಮೀಟರ್‌ನ ಲೆಕ್ಕಕ್ಕೆ ಆಧಾರವಾದ ತಾಪಮಾನಕ್ಕಿಂತ 20 ಡಿಗ್ರಿ ಸೆಲ್ಸಿಯಸ್ ಹೆಚ್ಚು ಬಿಸಿ ಇದ್ದಾಗ ಆಲ್ಟಿಮೀಟರ್ 5,500 ಅಡಿ ತೋರಿಸುವಲ್ಲಿ ಜಿಪಿಎಸ್ 400 ಅಡಿಯಷ್ಟು ಹೆಚ್ಚು ತೋರಿಸಬಹುದು. ವಾಯುಪ್ರದೇಶದ ಮಿತಿಗಳನ್ನು ಪಾಲಿಸಬೇಕಾದದ್ದು ಆಲ್ಟಿಮೀಟರ್ ನೋಡಿಯೇ. ದೊಡ್ಡ ನಿಲ್ದಾಣಗಳ ಸುತ್ತಲಿನ, ಅನುಮತಿಯಿಲ್ಲದೆ ಒಳಹೋಗಬಾರದ ಕ್ಲಾಸ್ ಬಿ ವಾಯುಪ್ರದೇಶದ ಅಂಚಿನ ಕೆಳಗೆ ಹೋಗುವಾಗ ಟ್ಯಾಬಿನ ಅಂಕಿಯನ್ನು ನಂಬಿ ಏರುವ ಯೋಚನೆ ಯಾರಿಗೂ ಬರಬಾರದು.

ಮೇಲೆ ಒಯ್ದಾಗ

ಪರೀಕ್ಷೆಗೆ ಆರಿಸಿದ ದಾರಿ ಲಿವರ್‌ಮೋರ್‌ನಿಂದ ಸಿಯೆರಾ ತಪ್ಪಲಿನ ಕೊಲಂಬಿಯಾಗೆ, ಸುಮಾರು 70 ನಾಟಿಕಲ್ ಮೈಲಿ. ಆಲ್ಟಮಾಂಟ್ ಕಣಿವೆ ದಾಟಿದರೆ ಸೆಂಟ್ರಲ್ ವ್ಯಾಲಿಯ ಬಯಲು, ಆಮೇಲೆ ನಿಧಾನವಾಗಿ ಮೇಲೇರುವ ಬೆಟ್ಟ. ಹಾರಿಸಿದವರು ಸ್ನೇಹಿತರು, ನಾನು ಬಲಗಡೆ ಕೂತು ಟ್ಯಾಬ್ ಮಾತ್ರ ನೋಡಿಕೊಂಡೆ. ಹೊಸ ಆ್ಯಪ್ ಕಲಿಯುವವರು ಹೀಗೆ ಮಾಡಬೇಕು ಎಂದು ಕೇಳಿಕೊಳ್ಳುತ್ತೇನೆ. ಪರದೆ ನೋಡುತ್ತ ಹೊರಗೆ ನೋಡುವುದನ್ನು ಮರೆಯುವುದು ಬಹಳ ಸುಲಭ.

ವಿಂಡ್‌ಶೀಲ್ಡ್ ಹತ್ತಿರ ಸಕ್ಷನ್ ಕಪ್ಪಿನಲ್ಲಿ ಕೂರಿಸಿದ್ದ ಟ್ಯಾಬ್ ವ್ಯಾಲಿಯ ಬೇಸಿಗೆಗೆ ಬೇಗ ಬಸವಳಿಯಿತು. ಮೊದಲು ಚಾರ್ಜಿಂಗ್ ನಿಂತಿತು, ಆಮೇಲೆ ಪರದೆ ತಾನಾಗೇ ಮಂಕಾಯಿತು. ತೊಡೆಗೆ ಇಳಿಸಿ, ಹಿಂಬದಿಯ ಕವಚ ಬಿಚ್ಚಿ, ಗಾಳಿಯ ಕಿಂಡಿಯನ್ನು ಅದರತ್ತ ತಿರುಗಿಸಿದ ಮೇಲೆ ಸುಧಾರಿಸಿಕೊಂಡಿತು. ವಿಂಡ್‌ಶೀಲ್ಡ್‌ನ ಜಾಗವನ್ನು ಅಲ್ಲಿಗೇ ಕೈಬಿಟ್ಟೆ. ಯೋಕ್ ಮೇಲೆ, ಅಂದರೆ ವಿಮಾನದ ಸ್ಟಿಯರಿಂಗ್ ಹಿಡಿಕೆಯ ಮೇಲೆ ಕಟ್ಟುವುದು ನನಗಿಷ್ಟವಿಲ್ಲ, ಅದನ್ನು ಪೂರ್ತಿ ಹಿಂದಕ್ಕೆ ಎಳೆದಾಗ ಹೊಟ್ಟೆಗೋ ಕೇಬಲ್ಲಿಗೋ ತಾಗುತ್ತದೆ. ಮುಚ್ಚಳದಲ್ಲಿ ಅಯಸ್ಕಾಂತವಿರುವ ಕವಚ ಬೇಡವೇ ಬೇಡ: ಅದನ್ನು ದಿಕ್ಸೂಚಿಯ ಹತ್ತಿರ ಒಯ್ದು ನೋಡಿ, ಸೂಜಿ ಓಡುವುದು ಕಣ್ಣಿಗೇ ಕಾಣುತ್ತದೆ. ಪೋಲರೈಸ್ಡ್ ಕಪ್ಪು ಕನ್ನಡಕ ಹಾಕುವವರು ಟ್ಯಾಬನ್ನು ಉದ್ದಕ್ಕೂ ಅಡ್ಡಕ್ಕೂ ಹಿಡಿದು ನೋಡಬೇಕು, ಒಂದು ಕೋನದಲ್ಲಿ ಪರದೆ ಪೂರ್ತಿ ಕಪ್ಪಾಗಬಹುದು.

ನೆಲದಲ್ಲಿ ಇರುವಾಗ 978ರಲ್ಲಿ ಏನೂ ಬಂದಿರಲಿಲ್ಲ. ಟವರ್‌ಗಳ ಸಂಕೇತ ನೇರ ನೋಟದ್ದು, ಗುಡ್ಡ ಅಡ್ಡ ಬಂದರೆ ಸಿಗುವುದಿಲ್ಲ. ಏರಿದ ಮೇಲೆ ಹವಾಮಾನ ವರದಿಗಳು, ಮಳೆಯ ರಾಡಾರ್ ಚಿತ್ರ ಎಲ್ಲ ತುಂಬಿಕೊಂಡವು. ಈ ರಾಡಾರ್ ಚಿತ್ರದ ಬಗ್ಗೆ ಎಚ್ಚರ ಬೇಕು. ಪರದೆಯ ಮೇಲೆ ಬರೆದಿರುವುದು ಚಿತ್ರವನ್ನು ಜೋಡಿಸಿದ ಹೊತ್ತು; ಅದರೊಳಗಿನ ಅತಿ ಹಳೆಯ ಮಾಹಿತಿ ಅದಕ್ಕಿಂತ 15ರಿಂದ 20 ನಿಮಿಷ ಹಿಂದಿನದೂ ಆಗಿರಬಹುದು ಎಂದು ಅಪಘಾತ ತನಿಖೆ ಮಾಡುವ ಎನ್‌ಟಿಎಸ್‌ಬಿ 2012ರಲ್ಲೇ ಎಚ್ಚರಿಕೆ ಕೊಟ್ಟಿದೆ. ಮೋಡಗಳ ನಡುವೆ ಸಂದು ಹುಡುಕಲು ಅದು ಆಗದು, ದೂರದಿಂದಲೇ ಸುತ್ತಿ ಹೋಗಲು ಆದೀತು.

ಸುತ್ತಲಿನ ವಿಮಾನಗಳ ಚಿತ್ರಕ್ಕೂ ಮಿತಿಯಿದೆ. ರಾಡಾರ್‌ಗೆ ಕಂಡ ವಿಮಾನಗಳ ಸ್ಥಾನವನ್ನು ನೆಲದ ಟವರ್ ಕಳಿಸುವುದು ಎಡಿಎಸ್-ಬಿ ಬಿತ್ತರಿಸುವ ವಿಮಾನದ ಸುತ್ತ 15 ನಾಟಿಕಲ್ ಮೈಲಿ, ಮೇಲೆ ಕೆಳಗೆ 3,500 ಅಡಿಯ ವಲಯಕ್ಕೆ ಮಾತ್ರ. ನಮ್ಮ ವಿಮಾನದಲ್ಲಿ ಟ್ರಾನ್ಸ್‌ಮಿಟರ್ ಇಲ್ಲದೆ ಬರೀ ಡಬ್ಬಿ ಇಟ್ಟುಕೊಂಡರೆ ಬೇರೆಯವರಿಗಾಗಿ ಹೊರಟದ್ದರಲ್ಲಿ ಸಿಕ್ಕಷ್ಟು ಕೇಳಿಸಿಕೊಳ್ಳಬಹುದು. 2020ರ ಜನವರಿ 1ರಿಂದ ದೊಡ್ಡ ನಿಲ್ದಾಣಗಳ ಸುತ್ತ ಟ್ರಾನ್ಸ್‌ಮಿಟರ್ ಕಡ್ಡಾಯ, ಎಲ್ಲೆಡೆ ಅಲ್ಲ. ಕೊಲಂಬಿಯಾದಂಥ ಟವರ್ ಇಲ್ಲದ ನಿಲ್ದಾಣದ ಹತ್ತಿರ ಪರದೆ ಖಾಲಿ ಇದ್ದರೂ ಆಕಾಶ ಖಾಲಿ ಎಂದುಕೊಳ್ಳಬಾರದು.

ಕೊನೆಗೆ ಉಳಿಸಿಕೊಂಡದ್ದು ಎರಡು. ಟ್ಯಾಬ್‌ನಲ್ಲಿ ಐಫ್ಲೈ, ಜೇಬಿನ ಫೋನ್‌ನಲ್ಲಿ ಅವಾರೆ. ಎರಡೂ ಸ್ಟ್ರಾಟಕ್ಸ್‌ನಿಂದ ಮಾಹಿತಿ ಪಡೆಯುತ್ತವೆ, ಅದು ನಿಂತರೆ ತಂತಮ್ಮ ಒಳಗಿನ ಜಿಪಿಎಸ್ ಬಳಸುತ್ತವೆ. ಬೇರೆ ಬೇರೆ ಮಂದಿ ಬರೆದ ಆ್ಯಪ್‌ಗಳನ್ನೇ ಬೇಕೆಂದು ಆರಿಸಿದೆ, ಒಂದರ ಅಪ್‌ಡೇಟ್ ಕೆಟ್ಟರೆ ಇನ್ನೊಂದು ಅದೇ ದಿನ ಕೆಡುವ ಸಂಭವ ಕಡಿಮೆ. ದುಡ್ಡು ಖರ್ಚು ಮಾಡಲಾಗದ ವಿದ್ಯಾರ್ಥಿಗೆ ಅವಾರೆ ಒಂದೇ ಸಾಕು ಎಂದು ಧೈರ್ಯವಾಗಿ ಹೇಳಬಲ್ಲೆ.

ಊರಿನಲ್ಲಿ ಹಾರಾಟ ಕಲಿಯುತ್ತಿರುವ ಹುಡುಗರು ಇದನ್ನೇ ಅಲ್ಲಿ ಮಾಡಬಹುದೇ ಎಂದು ಕೇಳುತ್ತಾರೆ. ಅವಾರೆಯ ಚಾರ್ಟ್‌ಗಳು ಅಮೆರಿಕದವು, 978ರ ಉಚಿತ ಹವಾಮಾನ ಸೇವೆಯೂ ಇಲ್ಲಿನದೇ. ಭಾರತದ ಎಐಪಿಯನ್ನು, ಅಂದರೆ ಅಧಿಕೃತ ವಿಮಾನಯಾನ ಮಾಹಿತಿ ಸಂಪುಟವನ್ನು, ವಿಮಾನ ನಿಲ್ದಾಣ ಪ್ರಾಧಿಕಾರ ಆನ್‌ಲೈನ್‌ನಲ್ಲಿ ಪ್ರಕಟಿಸುತ್ತದೆ. ಆ್ಯಪ್ ಯಾವುದೇ ಇರಲಿ, ತಾಳೆ ನೋಡಬೇಕಾದದ್ದು ಅದರ ಜೊತೆ, ಮತ್ತು ಕಾಕ್‌ಪಿಟ್‌ನಲ್ಲಿ ಏನಿಡಬಹುದು ಎಂದು ಮೊದಲು ಬೋಧಕರನ್ನು ಕೇಳಬೇಕು. ಜಿಪಿಎಸ್ ಎತ್ತರದ ಪರೀಕ್ಷೆಯನ್ನು ಮಾತ್ರ ಯಾರು ಬೇಕಾದರೂ ಮನೆಯ ಮಹಡಿಯ ಮೇಲೆ ನಿಂತು ಇವತ್ತೇ ಮಾಡಬಹುದು.

ನನ್ನ ಪಾಲಿಗೆ ಉಳಿದಿರುವ ಕೆಲಸ ಡಬ್ಬಿಯ ಜಾಗದ್ದು. ಡ್ಯಾಶ್ ಮೇಲಿಟ್ಟರೆ ಮುಂದಿನಿಂದ ಬರುವ ಸಂಕೇತಕ್ಕೆ ಎಂಜಿನ್ ಅಡ್ಡ ಬರುತ್ತದೆ, ಬಿಸಿಲೂ ಹೆಚ್ಚು. ಹಿಂದಿನ ಪಕ್ಕದ ಕಿಟಕಿಗೆ ಅಂಟಿಸಿದರೆ ತಂಪಾಗಿರುತ್ತದೆ, ಆದರೆ ಆಚೆ ಪಕ್ಕದ ವಿಮಾನಗಳನ್ನು ನಮ್ಮದೇ ಲೋಹದ ಮೈ ಮರೆಮಾಡುತ್ತದೆ. ಆಂಟೆನಾಗಳನ್ನು ಡಬ್ಬಿಯಿಂದ ಬಿಡಿಸಿ, ಗಿಡ್ಡ ಕೇಬಲ್‌ನಲ್ಲಿ ಎರಡೂ ಕಡೆಯ ಕಿಟಕಿಗೆ ಒಂದೊಂದು ಹಂಚಿ, ಎರಡು ತರಂಗಾಂತರಗಳ ಸಂದೇಶಗಳ ಎಣಿಕೆಯನ್ನು ಮೊದಲಿನದರ ಜೊತೆ ಹೋಲಿಸಬೇಕಿದೆ. ಕೇಬಲ್‌ಗಳು ಬಂದಿವೆ.